ಎದೆಗೆ ನಿನ್ನೆಯ ಪತ್ರಿಕೆ

ಜನವರಿಯ ಭಾನುವಾರ. ಪೋ ನದಿಯ ಏರಿಯ ಮೇಲೆ
ನದಿಯೂ ಇಲ್ಲ, ಏರಿಯೂ ಇಲ್ಲ.
ಮುಂದಿನ ಚಕ್ರವೊಂದಿದೆ, ಅದೂ ಅನುಮಾನ.
ಮಂಜು ಈ ಬಯಲಿಗೆ ನೆಂಟನಲ್ಲ,
ನವೆಂಬರಿನಲ್ಲಿ ಗಂಟು ಇಳಿಸಿದರೆ
ಬಾಡಿಗೆಯ ಮಾತೆತ್ತದೆ ಮಾರ್ಚಿನ ತನಕ ಕೂರುವವನು.

ವಾರವೆಲ್ಲ ಅಂಚೆ ಕಚೇರಿಯ ಗಾಜಿನ ಹಿಂದೆ
ಊರಿನ ಪಿಂಚಣಿ ಎಣಿಸುವ ಕೈ ನನ್ನದು.
ವಯಸ್ಸು ಐವತ್ಮೂರು.
ಸೈಕಲ್ಲು ಅಕ್ಕನ ಗಂಡನದು,
ಅವನಿಗೆ ಹೊಟ್ಟೆ ಬಂತು, ನನಗೆ ಸೈಕಲ್ಲು ಬಂತು.
ಸೀಟು ತಗ್ಗಿಸಿ ಒಂದು ಗಂಟೆ ಕಟ್ಟಿಸಿದೆ.
ಅದರ ಗತ್ತೆಲ್ಲ ಇಳಿದುಹೋಯಿತು ಎಂದು
ಅವನಿಗಿನ್ನೂ ಬೇಜಾರು.

ವೇಗ ಹದಿನೆಂಟು.
ದಿಣ್ಣೆಯೇ ಇಲ್ಲದ ಸೀಮೆ, ನೆಪ ಹೇಳಲೂ ಬರುವುದಿಲ್ಲ.
ಬಿಗಿಯಂಗಿಯ ಹುಡುಗರು ಹಿಂದಿನಿಂದ ಬರುತ್ತಾರೆ:
ಮೊದಲು ಚಕ್ರಗಳ ಗುಂಯ್,
ಆಮೇಲೆ "ಚಾವ್, ಸಿನ್ಯೋರಾ!"
ಆಮೇಲೆ ಆರು ಕೆಂಪು ದೀಪ,
ಆಮೇಲೆ ನಾಲ್ಕು,
ಆಮೇಲೆ ಹಾಲು.

ಕಣ್ಣು ರಜೆ ಹಾಕಿದ ದಿನ ಮೂಗೇ ನಕ್ಷೆ.
ಹಂದಿ ಕೊಟ್ಟಿಗೆ ಬಂದರೆ ಏಳನೆಯ ಕಿಲೋಮೀಟರು,
ಕೊಳೆತ ಬೀಟ್ ಗೆಡ್ಡೆ ಬಂದರೆ ಸೇತುವೆಗೆ ಬಲಕ್ಕೆ.
ಅಲ್ಲೊಂದು ಪರ್ಸಿಮನ್ ಮರ,
ಎಲೆಯೆಲ್ಲ ಕೊಟ್ಟು ಹಣ್ಣು ಮಾತ್ರ ಇಟ್ಟುಕೊಂಡು ನಿಂತಿದೆ,
ಹಗಲಾದರೂ ಯಾರೋ ದೀಪ ಆರಿಸಲು ಮರೆತ ಹಾಗೆ.
ಅದರಾಚೆಯ ತೋಟದ ನಾಯಿ
ನನ್ನನ್ನು ಒಮ್ಮೆಯೂ ಕಂಡಿಲ್ಲ, ನಾನೂ ಅದನ್ನು ಕಂಡಿಲ್ಲ.
ಅದು ಬೊಗಳುವುದು ನನ್ನ ಚೈನಿನ ಕಿರ್ರಿಗೆ.

ದೋಣಿಕಟ್ಟೆಯ ಬಾರಿನಲ್ಲಿ ನೆರಿನಾ
ಕೇಳದೆಯೇ ಕಾಫಿ ಇಟ್ಟಳು.
ಲೋಟ ಹಿಡಿದೆ, ಬೆರಳಿಗೆ ಬಿಸಿ ತಿಳಿಯಲಿಲ್ಲ,
ತುಟಿಗೆ ತಿಳಿಯಿತು.
ಮೂಲೆಯ ಇಸ್ಪೀಟಿನ ಮೇಜಿನಿಂದ ಲೆಯಾರ್ಕೊ ಎದ್ದ.
ಎಂಬತ್ತೆಂಟು ವರ್ಷ. ಒಂದು ಕಾಲಕ್ಕೆ ರೇಸು ಹೊಡೆದವನು,
ಹಾಗಂತ ಅವನೇ ಹೇಳಬೇಕು.
"ಇಷ್ಟು ದುಡ್ಡಿನ ಜಾಕೀಟು, ಒಳಗೆ ನಡುಕ," ಎಂದು ಗೊಣಗಿ
ಮೊಳೆಯಲ್ಲಿದ್ದ ನಿನ್ನೆಯ ಪತ್ರಿಕೆ ಕಿತ್ತ.
"ಆಟದ ಪುಟ ಮುಟ್ಟಬೇಡ, ನಾನಿನ್ನೂ ಓದಿಲ್ಲ!"
ಇದು ಎಲೆ ಕೆಳಗಿಡದ ಅಮೋಸ್.
ಆಟ ಅವನಿಗೆ ಉಳಿಯಿತು,
ಮಿಕ್ಕ ಲೋಕ ನಾಲ್ಕು ಮಡಿಕೆಯಾಗಿ ನನಗೆ.
"ಎದೆಗೆ ಇಟ್ಟುಕೋ. ಕಾಗದ ಗಾಳಿ ತಡೆಯುತ್ತೆ,
ಉಸಿರು ತಡೆಯಲ್ಲ."
ನಾನು ಜಿಪ್ಪು ಇಳಿಸಿದೆ.
ಮುದುಕರೆಲ್ಲ ಮರ್ಯಾದೆಗೆ ಕಿಟಕಿಯತ್ತ ತಿರುಗಿದರು.
ಕಿಟಕಿಯಲ್ಲಿ ನೋಡಲು ಏನೂ ಇರಲಿಲ್ಲ.

ವಾಪಸು ಇಪ್ಪತ್ಮೂರು ಕಿಲೋಮೀಟರು, ಎದುರುಗಾಳಿ.
ಒಂದೊಂದು ತುಳಿತಕ್ಕೂ ಸರಕ್, ಸರಕ್,
ಒಳಗೆ ಯಾರೋ ಕೂತು ಪುಟ ತಿರುವುತ್ತಿರುವ ಹಾಗೆ.
ಎಡಗಾಲಿನ ಬೆರಳು ಮೂರು ನನ್ನವಲ್ಲ.
ಮೂಗು ಸೋರುತ್ತದೆ, ಒರೆಸಲು ಕೈ ಬಿಟ್ಟರೆ ಹಳ್ಳ.
ಯಾಕೆ ಬರುತ್ತೀ ಎಂದು ಅಕ್ಕ ಕೇಳುತ್ತಾಳೆ,
ಬೇಸಿಗೆಯಲ್ಲಿ ಎಲ್ಲರೂ ಬರುತ್ತಾರಲ್ಲ ಎನ್ನುತ್ತೇನೆ.
ಅದು ಉತ್ತರವಲ್ಲ, ಗೊತ್ತು.

ಪಂಪುಮನೆಯ ಹತ್ತಿರ ಮಂಜು
ಹಳೆಯ ಬಟ್ಟೆಯಂತೆ ಸದ್ದಿಲ್ಲದೆ ಹರಿಯಿತು.
ತಣ್ಣಗಾದ ಕಾಫಿಯ ಬಣ್ಣದ ನದಿ.
ಮರಳದಿಬ್ಬದ ಮೇಲೆ ಒಂಟಿಗಾಲಿನ ಬಕ,
ಅದೂ ನನ್ನ ಹಾಗೆ ಒಂದು ಕಾಲು ಬೆಚ್ಚಗಿಡುವ ಹುನ್ನಾರದಲ್ಲಿ.
ಬ್ರೇಕು ಹಿಡಿದು, ಶೂ ನೆಲಕ್ಕೆ ತಾಗುವುದರೊಳಗೆ
ಹರಿದದ್ದು ಕೂಡಿತು.

ಮನೆಯಲ್ಲಿ ಪತ್ರಿಕೆ ಬಿಡಿಸಿದರೆ
ಒದ್ದೆ ಹಪ್ಪಳದಂತೆ ಪದರ ಪದರ.
ಬಿಳಿ ಬನಿಯನ್ನಿನ ಮೇಲೆ ಮಸಿ, ಉಲ್ಟಾ ಅಕ್ಷರ.
ಕನ್ನಡಿಯ ಮುಂದೆ ನಿಂತೆ, ನೆಟ್ಟಗಾಯಿತು:
ಹಂದಿಮಾಂಸದ ದರ ಅರ್ಧ,
ಅದರ ಪಕ್ಕ ಕಪ್ಪು ಚೌಕ:
ಇದೆಲ್ಮಾ ಬೆರ್ಗೊನ್ಸೀನಿ, ತೊಂಬತ್ತೊಂದು. ಹೂವು ತರಬೇಡಿ.

ಇದೆಲ್ಮಾ.
ತಿಂಗಳ ಮೊದಲ ದಿನ, ಸಾಲಿನಲ್ಲಿ ಮೊದಲು,
ಕೈಗವಸು ತೆಗೆಯದೆ ನೋಟು ಎಣಿಸಿ
ನನ್ನನ್ನೊಮ್ಮೆ ದಿಟ್ಟಿಸಿ
ಮತ್ತೆ ಮೊದಲಿನಿಂದ ಎಣಿಸುತ್ತಿದ್ದಾಕೆ.
ಇಪ್ಪತ್ಮೂರು ಕಿಲೋಮೀಟರು ಜೊತೆಯಲ್ಲಿದ್ದಳು.
ನಾನು ಮೂಗಿನ ಚಿಂತೆಯಲ್ಲಿದ್ದೆ.

ಎರಡು ಸಲ ಒಗೆದೆ. ಬೂದು ಉಳಿದಿದೆ.

ಮುಂದಿನ ಭಾನುವಾರ ಇನ್ನೂ ಚಳಿಯಂತೆ.
ಚೈನಿಗೆ ಎಣ್ಣೆ ಬಿಡಬೇಕು.
ಬಿಟ್ಟರೆ, ಬಂದದ್ದು ನಾನೇ ಎಂದು
ಆ ನಾಯಿಗೆ ಹೇಗೆ ತಿಳಿಯಬೇಕು?