ಷಡಾಕ್ಷರಿಯವರಿಗೆ, ಟರ್ಮಿನಲ್ ಕುರಿತು

ಸಾರ್,
ನೀವು ವಾಪಸ್ ಕಳಿಸಿದ ಚೀಟಿಯಲ್ಲಿ ಒಂದೇ ಪ್ರಶ್ನೆ:
ಅದೇ ಎರಡೂವರೆ ಸ್ಕ್ವೇರು, ಅದೇ ಬೂದು ಬಣ್ಣ,
ಸ್ಕ್ರೂನದಕ್ಕೆ ಒಂಬತ್ತು ರೂಪಾಯಿ, ಸ್ಪ್ರಿಂಗಿನದಕ್ಕೆ ಇಪ್ಪತ್ತಾರು,
ಯಾಕೆ?
ಉತ್ತರಕ್ಕೆ ಬಿಟ್ಟ ಜಾಗ ಅರ್ಧ ಇಂಚು.

ಹಿಡಿಯಲಿಲ್ಲ. ಅದಕ್ಕೇ ಈ ಹಾಳೆ.

ಮಾಚೇನಹಳ್ಳಿಯ ಫೌಂಡ್ರಿ ನಿಮಗೆ ಬಿಲ್ಲಿನಲ್ಲಿ ಗೊತ್ತು,
ನನಗೆ ಅಂಗಾಲಿನಲ್ಲಿ.
ಮರಳಿನ ಜರಡಿ ಶುರುವಾದರೆ
ಟೀ ಲೋಟ ತಾನೇ ನಡೆದು ಮೇಜಿನ ಅಂಚಿಗೆ ಬರುತ್ತೆ;
ಕರಿಬಸಪ್ಪ ತಿರುಗಿಯೂ ನೋಡದೆ ಕೈಚಾಚಿ ಹಿಡಿಯುತ್ತಾನೆ.
ಅಂಥ ಜಾಗದಲ್ಲಿ ಸ್ಕ್ರೂಗೂ ಕಾಲು ಬರುತ್ತೆ ಸಾರ್,
ವರ್ಷಕ್ಕೆ ಕಾಲು ಸುತ್ತು,
ಗಂಟೆಮುಳ್ಳಿಗಿಂತ ನಿಧಾನ.

ಮಂಡಗದ್ದೆಯ ಹತ್ತಿರ
ತುಂಗೆಯ ಮಟ್ಟ ಅಳೆಯುವ ಪೆಟ್ಟಿಗೆಯ ಕಷ್ಟ ಬೇರೆ.
ಅಲುಗಾಟವಿಲ್ಲ, ಥಂಡಿ.
ಪುನರ್ವಸು ಹಿಡಿದರೆ ಬೆಂಕಿಕಡ್ಡಿಯ ಮದ್ದು
ಗೀರುವ ಮೊದಲೇ ಮೆತ್ತಗೆ ಉದುರುತ್ತೆ,
ತಾಮ್ರಕ್ಕೆ ಕಿಲುಬು.
ಮೋಟಾರಿನ ಕರೆಂಟಾದರೆ ಭುಜ ಕೊಟ್ಟು ಒಳಗೆ ನುಗ್ಗೀತು.
ಸೆನ್ಸಾರಿನ ಮಿಲಿವೋಲ್ಟು ಸಂಕೋಚದ ನೆಂಟ,
ಜಗಲಿಯ ಕೆಳಗೆ ನಿಂತು ಒಮ್ಮೆ ಕೆಮ್ಮಿ,
ಯಾರೂ ಏಳದಿದ್ದರೆ ತಿರುಗಿ ಹೋಗಿಬಿಡುತ್ತೆ.
ಆಗ ಹೊಳೆ ಏರುತ್ತಿರುತ್ತೆ,
ಪರದೆಯಲ್ಲಿ ಇಳಿಯುತ್ತಿರುತ್ತೆ.

ಅಲ್ಲಿಗೆ ಚಿನ್ನದ ಲೇಪದ ಪಿನ್ನು,
ರಬ್ಬರ್ ಉಂಗುರವಿರುವ ಕನೆಕ್ಟರ್ ಬರೆದಿದ್ದೇನೆ.
ಚಿನ್ನ ಅಂದ ಕೂಡಲೇ ಗಾಬರಿ ಬೇಡ.
ನನ್ನ ಮೂಗುಬೊಟ್ಟು ಕರಗಿಸಿದರೆ
ಅಂಥ ಸಾವಿರ ಪಿನ್ನಿಗೆ ಬಳಿಯಬಹುದು.

ಇನ್ನು ಹದಿನೇಳನೇ ತಂತಿ.

ಮಾರ್ಚಿನಲ್ಲಿ ಫೌಂಡ್ರಿ ರಾತ್ರಿ ಪಾಳಿಯಲ್ಲಿ
ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತಲ್ಲ,
ಪಿಎಲ್‌ಸಿ ಬದಲಿಸಿದರು, ಸೆನ್ಸಾರ್ ಬದಲಿಸಿದರು,
ಯಾರೋ ಪ್ಯಾನೆಲಿಗೆ ನಿಂಬೆಹಣ್ಣನ್ನೂ ಕಟ್ಟಿದ್ದರು.
ನಾನು ಹೋದಾಗ ಮೀಟರನ್ನು ಚೀಲದಿಂದ ತೆಗೆಯಲೇ ಇಲ್ಲ.
ಭದ್ರಾವತಿ ಐಟಿಐಯಲ್ಲಿ ಮರುಳಸಿದ್ದಪ್ಪ ಮೇಷ್ಟ್ರು ಹೇಳಿಕೊಟ್ಟಿದ್ದು:
ಮೇನ್ ಆಫ್ ಮಾಡು, ಒಂದೊಂದನ್ನೇ ಎಳೆದು ನೋಡು,
ಮಗುವಿನ ಹಾಲುಹಲ್ಲು ಅಲ್ಲಾಡಿಸುವಷ್ಟು ಬಲ ಸಾಕು.
ಹದಿನಾರರ ತನಕ ಗಟ್ಟಿ.
ಹದಿನೇಳು ಕೈಗೇ ಬಂತು.

ತುದಿಗೆ ಫೆರೂಲ್ ಇರಲಿಲ್ಲ.
ಬರೀ ಎಳೆಗಳು, ಸ್ಕ್ರೂ ಅಡಿಯಲ್ಲಿ ಚಪ್ಪಟೆಯಾಗಿ,
ಅರ್ಧ ತುಂಡಾಗಿ, ಉಳಿದರ್ಧ ಕಪ್ಪಾಗಿ.
ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ, ಅಂದೆ, ಜೋರಾಗಿಯೇ.
ಕರಿಬಸಪ್ಪ ಮಾತಾಡಲಿಲ್ಲ.
ಪ್ಯಾನೆಲ್ ಬಾಗಿಲ ಒಳಮೈಯ ಸ್ಟಿಕ್ಕರಿನ ಧೂಳನ್ನು
ಹೆಬ್ಬೆರಳಲ್ಲಿ ಒರೆಸಿದ.

ವೈರಿಂಗ್: ಜಬೀನಾ.

ನಾಲ್ಕು ವರ್ಷದ ಹಿಂದಿನ ತಾರೀಖು. ಶನಿವಾರ.
ಐದೂ ನಲವತ್ತಕ್ಕೆ ಬಸ್ಸು.
ಫೆರೂಲ್ ಡಬ್ಬಿ ಖಾಲಿಯಾಗಿತ್ತು,
ಒಂದೇ ಒಂದು ತಾನೆ ಅಂದುಕೊಂಡಿದ್ದು
ಈಗಲೂ ಕಿವಿಯಲ್ಲಿದೆ.

ನಿಮಗೆ ಇದನ್ನೆಲ್ಲ ಬರೆಯಬೇಕಿರಲಿಲ್ಲ.
ಸ್ಪ್ರಿಂಗಿನ ಗುಣ ಹೇಳಲು ಕಂಪನಿಯ ಪುಸ್ತಕವೇ ಇದೆ, ಬಣ್ಣದ ಚಿತ್ರ ಸಮೇತ.
ಅದರಲ್ಲಿ ಇಲ್ಲದ್ದು ಇಷ್ಟು:
ಸ್ಕ್ರೂನ ಬಿಗಿ ನನ್ನ ಮಣಿಕಟ್ಟಿನ ಬಿಗಿ.
ಮಣಿಕಟ್ಟಿಗೆ ಸೋಮವಾರ ಇದೆ, ಶನಿವಾರ ಇದೆ, ಬಸ್ಸು ಇದೆ.
ಸ್ಪ್ರಿಂಗಿಗೆ ನಾನು ಯಾರೆಂದೇ ಗೊತ್ತಿಲ್ಲ.
ಬೆಳಿಗ್ಗೆ ಎಷ್ಟು ಹಿಡಿಯಿತೋ ಸಂಜೆಯೂ ಅಷ್ಟೇ.

ಹಾಗಂತ ಎಲ್ಲದಕ್ಕೂ ಕೇಳುತ್ತಿಲ್ಲ.
ಆಫೀಸಿನ ಲೈಟಿನ ಡಬ್ಬಿಗೆ ನಿಮ್ಮ ಒಂಬತ್ತು ರೂಪಾಯಿಯದೇ ಇರಲಿ,
ಅದು ನಡುಗುವುದಿಲ್ಲ, ನೆನೆಯುವುದಿಲ್ಲ.
ಹೀಟರ್ ಸಾಲಿಗೆ ಮಾತ್ರ
ಮೈಮೇಲೆ ಅಚ್ಚಾದ ಆಂಪಿಯರ್ ಅನ್ನು ಪೂರ್ತಿ ನಂಬಬೇಡಿ.
ಅದು ಒಂಟಿಯಾಗಿ ಕೂತಾಗಿನ ಲೆಕ್ಕ;
ಹತ್ತು ಒತ್ತೊತ್ತಾಗಿ ಕೂತರೆ ಒಂದರ ಬಿಸಿ ಇನ್ನೊಂದಕ್ಕೆ.
ಅದಕ್ಕೆ ಒಂದು ಸೈಜು ಮೇಲೆ ಬರೆದಿದ್ದೇನೆ.

ಫೆರೂಲ್ ಎರಡು ಡಬ್ಬಿ ಹೆಚ್ಚಿಗೆ.
ಅದರ ಮುಂದೆ ಕೆಂಪು ಗೆರೆ ಎಳೆಯಬೇಡಿ, ದಯವಿಟ್ಟು.

ಲಗತ್ತು: ತಂತಿ ಹದಿನೇಳು, ಮೂರು ಇಂಚು.
ಲಕೋಟೆಯಿಂದ ತೆಗೆಯುವಾಗ ಜೋಪಾನ,
ಎಳೆಗಳು ಚುಚ್ಚುತ್ತವೆ.