ನೆಲ ಡೊಂಕು

ಮೊದಲು ಒಂದು ಅರ್ಜಿ ಬರೆದೆ.
ಶನಿವಾರ ಹನ್ನೊಂದಕ್ಕೆ, ರೀಗಾದ ಮೀನು ಮಾರುಕಟ್ಟೆಯಲ್ಲಿ
ನಾಲ್ಕು ನಿಮಿಷ ಕುಣಿಯಲು ಅನುಮತಿ ಬೇಕು.
ಉದ್ದೇಶ: ಜನ ಮೈ ಬಗ್ಗಿಸಲಿ ಎಂದು.
ಆಡಳಿತದ ಹೆಂಗಸು ಕನ್ನಡಕ ಇಳಿಸಿದಳು.
ಎಷ್ಟು ಜನ?
ಇಪ್ಪತ್ನಾಲ್ಕು.
ಎಂಥವರು?
ಎಲ್ಲರೂ ಒಮ್ಮೆ ಎದೆ ಹಿಡಿದು ಕುಸಿದವರು, ಅಂದೆ.
ಮುದ್ರೆ ಒತ್ತುವ ಮೊದಲು ಅವಳು
ಬಾಗಿಲಲ್ಲಿ ಆಂಬುಲೆನ್ಸಿಗೆ ಜಾಗ ಬಿಡತಕ್ಕದ್ದು
ಎಂದೊಂದು ಸಾಲು ಸೇರಿಸಿದಳು.

ಆರು ವಾರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬಿಸಿನೀರಿನ ಕೊಳವೆಗಳ ಕೆಳಗೆ ತಾಲೀಮು.
ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು.
ಹಾಡಿನ ಜಗಳಕ್ಕೇ ಎರಡು ವಾರ ಹೋಯಿತು,
ಲಾಟ್ವಿಯನ್ನೋ, ರಷ್ಯನ್ನೋ;
ಕೊನೆಗೆ ಮಾತೇ ಇಲ್ಲದ ಅಕಾರ್ಡಿಯನ್.
ಮೂವತ್ತು ವರ್ಷ ಟ್ರಾಮ್ ಓಡಿಸಿದ ಎಲ್ಮಾರ್ಸನಿಗೆ
ಎಡಗಾಲು ಬ್ರೇಕು, ಬಲಗಾಲು ಗಂಟೆ.
ಹಳಿ ಇಲ್ಲದೆ ತಿರುಗುವುದು ಹೇಗಮ್ಮಾ, ಎನ್ನುತ್ತಿದ್ದ.
ಗ್ರಂಥಾಲಯದ ಸ್ಕೈದ್ರೀತೆ
ಹೆಜ್ಜೆಗಳನ್ನೆಲ್ಲ ಚೀಟಿಯಲ್ಲಿ ಬರೆದು
ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಬರುತ್ತಿದ್ದಳು.
ಗುಟ್ಟು ಕಾಯಿರಿ ಎಂದಿದ್ದೆ.
ಎರಡನೇ ವಾರಕ್ಕೇ ಎಲ್ಲರ ಸೊಸೆಯಂದಿರಿಗೂ ಗೊತ್ತಿತ್ತು.

ನಾನು ಕುಣಿದವಳಲ್ಲ.
ಮಂಡಿಯ ಲೆಕ್ಕ ಬಲ್ಲವಳು, ನಾಡಿಯ ಲೆಕ್ಕ.
ನಡೆಯಿರಿ, ಹತ್ತಿರಿ, ಬಗ್ಗಿರಿ ಎಂದು
ಇಪ್ಪತ್ತು ವರ್ಷ ಗೋಡೆಗೆ ಪಟ ಅಂಟಿಸಿದವಳು.
ಪಟದ ಕೆಳಗಿನ ಬೆಂಚಿನಲ್ಲಿ
ಜನ ಕೂತೇ ಇದ್ದರು.

ಶನಿವಾರ ಬಂದವರು ಹನ್ನೊಂದು.
ಉಳಿದವರಿಗೆ ಹಿಮ, ಮೊಮ್ಮಗು, ನಾಚಿಕೆ.
ಒಂದು ಕಾಲಕ್ಕೆ ಗಾಳಿಹಡಗುಗಳಿಗೆ ಸೂರಾಗಿದ್ದ
ಕಬ್ಬಿಣದ ಕಮಾನಿನ ಕೆಳಗೆ
ಹೊಗೆ ಹಾಕಿದ ಹಾವುಮೀನು,
ಐಸಿನ ಮೇಲೆ ಬಾಯಿ ತೆರೆದ ತಲೆಗಳು, ರಬ್ಬರು ಬೂಟುಗಳು.
ಗುಂಡಿ ಒತ್ತಿದೆ. ಅಕಾರ್ಡಿಯನ್ ಎದ್ದಿತು.
ಯಾರೂ ತಿರುಗಿ ನೋಡಲಿಲ್ಲ.

ಎಲ್ಲರೂ ಬಲಕ್ಕೆ, ಎಲ್ಮಾರ್ಸ್ ಎಡಕ್ಕೆ.
ಮುದುಕಿಯೊಬ್ಬಳು ಅವನ ಚಾಚಿದ ತೋಳಿನಡಿ ತೂರಿ
ಹೆರಿಂಗ್ ಕಿಲೋ ಎಷ್ಟು ಎಂದು ಕೇಳಿದಳು.
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.
ಇಲ್ಲಿ ನೆಲ ನಿಜಕ್ಕೂ ಡೊಂಕು:
ಮೀನು ತೊಳೆದ ನೀರು ಹರಿದುಹೋಗಲೆಂದು
ನಡುವಿನ ಚರಂಡಿಯತ್ತ ಇಳಿಜಾರು.
ಹೆಜ್ಜೆ ಹೆಜ್ಜೆಗೂ ಒಳಕ್ಕೆ ಸರಿಯುತ್ತ
ನಾನು ಕಲಿಸಿದ ಮೂರು ಸಾಲೂ ಕಳಚಿ
ಒಂದೇ ಗುಂಪಾದರು,
ಒಬ್ಬರ ಮೊಣಕೈ ಇನ್ನೊಬ್ಬರ ಬಗಲಲ್ಲಿ.

ಆಗ ಎಣಿಸಿದೆ. ಹನ್ನೆರಡು.
ನೀಲಿ ಕೋಟು, ಉಣ್ಣೆಯ ಟೋಪಿ, ಗುಂಪಿನ ಅಂಚಲ್ಲಿ ಯಾರೋ,
ಒಂದು ಹೆಜ್ಜೆಯೂ ತಪ್ಪದೆ.
ಮಂಡಿಗೆ ಭಾರವೆಂದು ನಾಲ್ಕನೇ ವಾರ
ನಾನೇ ತೆಗೆದುಹಾಕಿದ್ದ ಸುತ್ತೊಂದನ್ನು
ಅವಳು ಹಾಕಿದಳು, ಪೂರ್ತಿ,
ಇಳಿಜಾರನ್ನೇ ತಿರುವಿಗೆ ಬಳಸಿ.
ಟೋಪಿ ಜಾರಿತು. ಫೈನಾ.
ನೆಲಮಾಳಿಗೆ ಒರೆಸುವ ಫೈನಾ.
ಆರು ವಾರ ಬಾಗಿಲ ಹೊರಗೆ
ಬಕೆಟ್ಟಿನ ಸದ್ದು ನಿಂತುಹೋಗುತ್ತಿದ್ದುದು
ನನಗೆ ಈಗ ಕೇಳಿಸಿತು.

ಮೀನು ಸೀಳುತ್ತಿದ್ದ ಬೈಬಾ ಚಾಕು ಕೆಳಗಿಟ್ಟಳು.
ಹೆರಿಂಗ್ ಮುದುಕಿ ಚೀಲವನ್ನು ನನ್ನ ಕೈಗೆ ತುರುಕಿ
ಹಿಡಿದುಕೋ ಎಂದು ಒಳಗೆ ನುಗ್ಗಿದಳು.
ಸಂಗೀತ ನಿಂತ ಮೇಲೂ ಯಾರೋ
ಎಂಟರವರೆಗೆ ಎಣಿಸಿ ಮುಗಿಸಿದರು.
ಎಲ್ಮಾರ್ಸನ ನಾಡಿ ಹಿಡಿದೆ: ನೂರಾ ಹದಿನೆಂಟು. ಪರವಾಗಿಲ್ಲ.
ನನ್ನದನ್ನು ಯಾರೂ ಹಿಡಿಯಲಿಲ್ಲ.

ಮಂಗಳವಾರ ಮಾರುಕಟ್ಟೆಯಿಂದ ಬಿಲ್ಲು ಬಂತು:
ವಿನಿಗರಿನ ಹೆರಿಂಗ್, ಒಡೆದ ಜಾಡಿ ಮೂರು.
ಫೈನಾಳನ್ನು ಕೇಳಿದೆ,
ಮುಂದಿನ ಸಲ ಒಳಗೇ ಬರುತ್ತೀಯಾ?
ಒರೆಸುಕೋಲಿಗೆ ಗಲ್ಲ ಊರಿ ಯೋಚಿಸಿದಳು.
ಮೊದಲು ನೆಲ ಒಣಗಲಿ, ಅಂದಳು,
ನಿಮ್ಮವರು ಜಾರುತ್ತಾರೆ.