ಎರಡು ಸಾವಿರದ ಒಂದನೆಯ ಸಾಲು

ತಾರ್ತು ಪಟ್ಟಣದಲ್ಲೊಂದು ಕೇರಿ. ಹೆಸರು ಸೂಪಿನೂರು.
ಬೀದಿಗಳಿಗೂ ಅಡುಗೆಮನೆಯ ಹೆಸರೇ:
ಆಲೂಗಡ್ಡೆ ಬೀದಿ, ಬಟಾಣಿ ಬೀದಿ.
ಮರದ ಮನೆಗಳು, ಒಳಗೆ ಗೋಡೆಯೆತ್ತರದ ಇಟ್ಟಿಗೆ ಒಲೆ,
ಒಲೆಗೊಂದು ಚಿಮಣಿ,
ಚಿಮಣಿಗೆ ವರ್ಷಕ್ಕೊಮ್ಮೆ ಕಾಲ್ಯು:
ಕರಿ ಟೋಪಿ, ಹೆಗಲಿಗೆ ಸುತ್ತಿದ ತಂತಿ, ತುದಿಗೆ ಕುಂಚ.

ಯಾವ ಮನೆ, ಯಾವ ದಿನ, ಅದು ಅವನ ಚಿಂತೆಯಲ್ಲ.
ಗಿರಾಕಿಗಳ ಲೆಕ್ಕವಿಡುವ ಸಾಫ್ಟ್‌ವೇರಿನಿಂದ ಒಂದು ರಿಪೋರ್ಟು,
ರಿಪೋರ್ಟಿನಿಂದ ಒಂದು ಪೈಪು ಕ್ಲೌಡಿಗೆ,
ಕ್ಲೌಡಿನಿಂದ ಕಾಲ್ಯುವಿನ ಫೋನಿಗೆ ಬೆಳಗಿನ ಪಟ್ಟಿ.
ಪೈಪು ಕೂಡಿಸಿದವಳು ತ್ರೀನು.
ರಾತ್ರಿ ಎರಡಕ್ಕೆ ಅದು ತಾನೇ ಹರಿಯುತ್ತದೆ.
ಬೆಳಗಾದರೆ ಅವಳ ಪರದೆಯಲ್ಲೊಂದು ಹಸಿರು ಗುರುತು:
ಸುಸೂತ್ರ.

ಫೆಬ್ರುವರಿಯಲ್ಲಿ ಕಾಲ್ಯು ಆಫೀಸಿಗೇ ಬಂದ.
ಮಸಿಯ ಬಟ್ಟೆ, ಕುರ್ಚಿ ಕೊಟ್ಟರೂ ಕೂರಲಿಲ್ಲ.
"ಬಟಾಣಿ ಬೀದಿಯ ಹೆಲ್ಮಿ ಊರಿಕೆ ತೀರಿಕೊಂಡಳೆ?"
"ಯಾಕೆ?"
"ಪಟ್ಟಿಯಲ್ಲಿ ಹೆಸರಿಲ್ಲ, ಇದು ಎರಡನೆಯ ಚಳಿಗಾಲ.
ಮನೆಯಿಂದ ಹೊಗೆ ಮಾತ್ರ ಬರುತ್ತಿದೆ."

(ಊರಿಕೆ ಎಂದು ಬರೆದೆ. ಸರಿಯಲ್ಲ.
ಆ ಅಕ್ಷರಕ್ಕೆ ತುಟಿ ಊ ಎನ್ನಬೇಕು,
ಅದೇ ಉಸಿರಲ್ಲಿ ನಾಲಿಗೆ ಈ ಎನ್ನಬೇಕು.
ತಲೆಯ ಮೇಲೆ ಎರಡು ಚುಕ್ಕೆ ಹೊತ್ತು
ಅವರ ವರ್ಣಮಾಲೆಯ ಬಾಲದಲ್ಲಿ ನಿಂತಿರುತ್ತದೆ.
ಆ ಮನೆತನದ ಹೆಸರಿಗೆ ಅರ್ಥವೂ ಉಂಟು: ಕ್ಷಣಿಕ.)

ತ್ರೀನು ಹುಡುಕಿದಳು.
ಗಿರಾಕಿಗಳ ಲೆಕ್ಕದಲ್ಲಿ ಹೆಲ್ಮಿ ಇದ್ದಾಳೆ:
ಮನೆ ನಂಬರು, ಫೋನು, 'ನಾಯಿ ಕಚ್ಚುವುದಿಲ್ಲ' ಎಂಬ ಟಿಪ್ಪಣಿ.
ರಿಪೋರ್ಟು ತೆರೆದರೆ ಅಲ್ಲೂ ಇದ್ದಾಳೆ, ತೀರಾ ತಳದಲ್ಲಿ.
ಪೈಪಿನ ಆಚೆ ತುದಿಯಲ್ಲಿಲ್ಲ.
ನಿನ್ನೆ ಎಷ್ಟು ಸಾಲು ಬಂದವು? ಎರಡು ಸಾವಿರ.
ಮೊನ್ನೆ? ಎರಡು ಸಾವಿರ.
ಹೋದ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ? ಎರಡು ಸಾವಿರ.
ಮನುಷ್ಯರ ಎಣಿಕೆ ಇಷ್ಟು ದುಂಡಗಿರುವುದಿಲ್ಲವಲ್ಲ.
ಯಾರೋ ಸಾಯುತ್ತಾರೆ, ಯಾರೋ ಮನೆ ಮಾರುತ್ತಾರೆ,
ಯಾರೋ ಒಲೆ ಕೀಳಿಸಿ ಹೀಟರು ಹಾಕಿಸುತ್ತಾರೆ.

ಕೈಪಿಡಿಯ ನಲವತ್ತನೆಯ ಪುಟದಲ್ಲಿತ್ತು, ಸಣ್ಣಕ್ಷರದಲ್ಲೇನೂ ಅಲ್ಲ:
ರಿಪೋರ್ಟನ್ನು ಈ ದಾರಿಯಿಂದ ಕೇಳಿದರೆ
ಎರಡು ಸಾವಿರ ಸಾಲು ಕೊಟ್ಟು ನಿಲ್ಲುತ್ತದೆ.
ತಪ್ಪಾಯಿತು ಅನ್ನುವುದಿಲ್ಲ. ನಿಲ್ಲುತ್ತದೆ, ಅಷ್ಟೆ.

ಊಟದ ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಗೊತ್ತು,
ಸೌಟು ತಳ ಕೆರೆಯುವ ಸದ್ದು
ಎಲೆಗೆ ಅನ್ನ ಬೀಳುವ ಮೊದಲೇ ಕೇಳಿಸುತ್ತದೆ.
ಇಲ್ಲಿ ಆ ಸದ್ದೂ ಇಲ್ಲ.
ಪಾತ್ರೆಯ ತುಂಬ ಅನ್ನವಿದೆ,
ಬಡಿಸುವವನು ಎಣಿಸಿಕೊಂಡು ಬಂದಿದ್ದಾನೆ,
ಎಣಿಕೆ ಮುಗಿಯಿತು, ಕೈ ತೊಳೆದ.

ಅಂದು ರಾತ್ರಿ ಅವಳು ರಿಪೋರ್ಟನ್ನು ಬಿಟ್ಟು
ಅದರ ಬೆನ್ನ ಹಿಂದಿನ ಮೂಲ ಕೋಷ್ಟಕಕ್ಕೇ ಪೈಪು ತಿರುಗಿಸಿದಳು.
ಐನೂರು ಐನೂರರ ಪುಟ,
ಪ್ರತಿ ಪುಟದ ಕೊನೆಗೆ ಒಂದು ಪ್ರಶ್ನೆ: ಇನ್ನೂ ಇದೆಯೆ?
ಇದೆ.
ಇದೆ.
ಇದೆ.
ಇದೆ.
ಇಲ್ಲ.
ನಾಲ್ಕು ಗಂಟೆ ಹತ್ತು ನಿಮಿಷ. ಕಿಟಕಿಯಾಚೆ ನದಿ ಹೆಪ್ಪುಗಟ್ಟಿತ್ತು.
ಎರಡು ಸಾವಿರದ ಮುನ್ನೂರ ಹದಿನೇಳು.

ಹೆಲ್ಮಿ ಬಾಗಿಲು ತೆರೆದು ಹೇಳಿದಳಂತೆ,
"ನಿಮ್ಮ ಕಂಪನಿ ಮುಚ್ಚಿತು ಅಂದುಕೊಂಡೆ.
ದೊಡ್ಡ ಒಲೆ ಹೊತ್ತಿಸಲು ಭಯ.
ಅಡುಗೆಮನೆಯಲ್ಲೇ ಮಲಗುತ್ತೇನೆ, ಕಿಟಕಿ ಬೆರಳಷ್ಟು ತೆರೆದಿಟ್ಟು."
ಚಿಮಣಿಯಿಂದ ಒಂದೂವರೆ ಬಕೆಟ್ಟು ಮಸಿ ಇಳಿಯಿತು,
ಜೊತೆಗೆ ಯಾವುದೋ ಕಾಗೆಯ ಹಳೆಯ ಗೂಡು.
ಕಾಲ್ಯು ಬಕೆಟ್ಟಿನ ಫೋಟೋ ತೆಗೆದು ತ್ರೀನುವಿಗೆ ಕಳಿಸಿದ.
ಕೆಳಗೆ ಒಂದಕ್ಷರ ಬರೆದಿರಲಿಲ್ಲ.

ಮುನ್ನೂರ ಹದಿನೇಳು ಜನರಲ್ಲಿ
ಒಂಬತ್ತು ಮಂದಿ ಇವತ್ತಿಗೂ ಫೋನು ಎತ್ತಿಲ್ಲ.

ರಾತ್ರಿ ಎರಡರ ಕೆಲಸಕ್ಕೆ ಅವಳೀಗ
ಒಂದು ಸಾಲು ಸೇರಿಸಿದ್ದಾಳೆ:
ಎಣಿಕೆ ತೀರಾ ದುಂಡಗೆ ಕಂಡರೆ
ಹಸಿರು ಗುರುತು ಹಾಕಬೇಡ,
ನನ್ನನ್ನು ಎಬ್ಬಿಸು.